ವಾರ್ತಾಪತ್ರವೋ, ಇ-ಮೇಲ್ ಬಳಗವೋ?

(ಆಪ್ತಸಮಾಲೋಚಕಿಯರು, ವಕೀಲೆಯರು ಮತ್ತು ಮಹಿಳಾ ಸಂಘಟನೆಗಳ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮುಂದಿರುವ ಪ್ರಶ್ನೆ ನೋಡಲು ಚಿಕ್ಕದು. ಬೇರೆ ಬೇರೆ ಜಿಲ್ಲೆಗಳಲ್ಲಿ ವರದಕ್ಷಿಣೆ ಮತ್ತು ಕೌಟುಂಬಿಕ ಹಿಂಸೆಯ ಪ್ರಕರಣಗಳನ್ನು ನೋಡಿಕೊಳ್ಳುತ್ತಿರುವ ನಾವು ಒಬ್ಬರಿಗೊಬ್ಬರು ಸಂಪರ್ಕದಲ್ಲಿರಲು ಒಂದು ವ್ಯವಸ್ಥೆ ಬೇಕು. ಮೂರು ತಿಂಗಳಿಗೊಮ್ಮೆ ಸಂಪಾದಕಿಯೊಬ್ಬಳು ಆರಿಸಿ, ತಿದ್ದಿ ಕಳಿಸುವ ವಾರ್ತಾಪತ್ರ ಇರಲಿ ಎಂದು ಕೆಲವರು ಹೇಳುತ್ತಾರೆ. ಯಾರು ಬರೆದರೂ ಎಲ್ಲರಿಗೂ ಆ ಕ್ಷಣವೇ ತಲುಪುವ, ಯಾರು ಬೇಕಾದರೂ ಉತ್ತರಿಸಬಹುದಾದ ಇ-ಮೇಲ್ ಬಳಗ ಇರಲಿ ಎಂದು ಇನ್ನು ಕೆಲವರು ಹೇಳುತ್ತಾರೆ. ಹಣ ಕಡಿಮೆ, ದುಡಿಯುವ ಕೈಗಳು ಅದಕ್ಕಿಂತ ಕಡಿಮೆ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿ ಎಂಬ ಒತ್ತಾಯವಿದೆ.

ಚರ್ಚೆ ಕೇಳಿದರೆ ಇದು ಹಳಬರಿಗೂ ಹೊಸಬರಿಗೂ ನಡುವಿನ ಜಗಳದಂತೆ ಕಾಣುತ್ತದೆ. ಕಿರಿಯರಿಗೆ ವಾರ್ತಾಪತ್ರ ಎಂದರೆ ಅಂಚೆ ಚೀಟಿಯ ಕಾಲದ್ದು. ನನ್ನ ವಯಸ್ಸಿನವರಿಗೆ ಬಳಗ ಎಂದರೆ ಹರಟೆಕಟ್ಟೆ. ಆದರೆ ವಾರ್ತಾಪತ್ರವನ್ನೂ ಇ-ಮೇಲಿನಲ್ಲೇ ಕಳಿಸಬಹುದು. ಹಾಗಾಗಿ ಕಾಗದವೋ ಯಂತ್ರವೋ ಎಂಬ ಮಾತು ಇಲ್ಲಿ ಮುಖ್ಯವಲ್ಲ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಒಂದು ಮಾತು ಎಲ್ಲರನ್ನೂ ತಲುಪುವ ಮೊದಲು ಅದನ್ನು ಯಾರಾದರೂ ನೋಡುತ್ತಾರೆಯೇ? ತಪ್ಪಾದರೆ ಯಾರು ಹೊಣೆ? ಆ ತಪ್ಪಿನ ಪೆಟ್ಟು ಯಾರ ಮೇಲೆ ಬೀಳುತ್ತದೆ?

ಮೊದಲು ವಾರ್ತಾಪತ್ರದ ಪಕ್ಷವನ್ನು ನೋಡೋಣ. ಹೆಂಗಸರು ಪತ್ರಿಕೆ ನಡೆಸುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ನಂಜನಗೂಡು ತಿರುಮಲಾಂಬ, ಆರ್. ಕಲ್ಯಾಣಮ್ಮ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ಕನ್ನಡದಲ್ಲಿ ಪತ್ರಿಕೆ ಹೊರಡಿಸಿದರು. ಕಲ್ಯಾಣಮ್ಮನವರು ‘ಸರಸ್ವತಿ’ಯನ್ನು ದಶಕಗಳ ಕಾಲ ನಡೆಸಿದರು. 1970ರ ದಶಕದ ಕೊನೆಗೆ ದೆಹಲಿಯಲ್ಲಿ ಮಧು ಕಿಶ್ವರ್, ರೂತ್ ವನಿತಾ ಮತ್ತು ಅವರ ಜೊತೆಗಾರ್ತಿಯರು ‘ಮಾನುಷಿ’ಯನ್ನು ಆರಂಭಿಸಿದರು. ‘ಒಲೆ ಸಿಡಿದು ಸತ್ತಳು’ ಎಂದು ಮುಚ್ಚಿಹೋಗುತ್ತಿದ್ದ ಸಾವುಗಳನ್ನು ವರದಕ್ಷಿಣೆ ಸಾವು ಎಂದು ಹೆಸರಿಟ್ಟು ಕರೆಯುವ ಕೆಲಸದಲ್ಲಿ ಅಂಥ ಪತ್ರಿಕೆಗಳ ಪಾತ್ರ ದೊಡ್ಡದು. ಒಂದೊಂದು ಊರಿನಲ್ಲಿ ಒಂಟಿಯಾಗಿ ನಡೆದಂತೆ ಕಾಣುತ್ತಿದ್ದ ಸಾವುಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟಾಗಲೇ ಅವು ಒಂದು ವ್ಯವಸ್ಥೆಯ ಫಲ ಎಂಬುದು ಕಾಣಿಸಿತು. ಹಾಗೆ ಅಕ್ಕಪಕ್ಕ ಇಡುವುದೇ ಸಂಪಾದನೆ.

ಸಂಪಾದಕಿಯ ಕೆಲಸ ಎಂದರೆ ಕಾಗುಣಿತ ತಿದ್ದುವುದು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅವಳು ಕಾಯ್ದೆಯ ಕಲಮಿನ ಸಂಖ್ಯೆ ಸರಿಯಿದೆಯೇ ಎಂದು ನೋಡುತ್ತಾಳೆ. ವರದಿಯಲ್ಲಿ ಬಂದ ಊರಿನ ಹೆಸರು ತೆಗೆಯುತ್ತಾಳೆ. ಅನುಮಾನ ಬಂದರೆ ಬರೆದವಳಿಗೆ ಫೋನು ಮಾಡಿ ಕೇಳುತ್ತಾಳೆ. ಏಳು ಪುಟವನ್ನು ಎರಡು ಪುಟ ಮಾಡುತ್ತಾಳೆ, ದಿನವಿಡೀ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು ಬಂದವಳು ಬಸ್ಸಿನಲ್ಲಿ ಓದಿ ಮುಗಿಸಲಿ ಎಂದು. ಇದರ ಜೊತೆಗೆ ಹೊಣೆಯೂ ಅವಳದೇ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಕಾಲದಿಂದಲೂ ಪತ್ರಿಕೆಯ ಹಿಂದೆ ಹೆಸರು ಹೇಳಿಕೊಂಡ ಮನುಷ್ಯರು ಇರಬೇಕೆಂಬ ನಿಯಮವಿದೆ. 2024ರ ಮಾರ್ಚ್ 1ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ನೋಂದಣಿ ಕಾಯ್ದೆ ಬಂದಿದ್ದರೂ ತತ್ವ ಬದಲಾಗಿಲ್ಲ. ಯಾರನ್ನು ಕೇಳಬೇಕು ಎಂಬುದು ಓದುಗರಿಗೆ ಗೊತ್ತಿರುತ್ತದೆ.

ಇಷ್ಟು ಹೇಳಿ ಸಂಪಾದಕಿಯನ್ನು ದೇವಿ ಮಾಡಿ ಕೂರಿಸುವ ಅಗತ್ಯವಿಲ್ಲ. ಆಯ್ಕೆ ಮಾಡುವವಳ ಕೈಯಲ್ಲಿ ಅಧಿಕಾರವಿರುತ್ತದೆ. ಯಾರ ಬರಹ ಬರಬೇಕು, ಯಾರದು ‘ಸ್ಥಳಾಭಾವದಿಂದ’ ಬಿಟ್ಟುಹೋಗಬೇಕು ಎಂಬುದನ್ನು ಅವಳು ನಿರ್ಧರಿಸುತ್ತಾಳೆ. ಬೆಂಗಳೂರು, ಮೈಸೂರಿನ ಪರಿಚಯಸ್ಥರ ಲೇಖನಗಳು ಮೊದಲ ಪುಟಗಳಿಗೆ ಹೋಗುವುದು, ತಾಲ್ಲೂಕಿನವರ ವರದಿ ಕೊನೆಯ ಪುಟದ ಮೂಲೆಗೆ ಬೀಳುವುದು ನಾವು ಕಾಣದ ಸಂಗತಿಯಲ್ಲ. ಕಲಬುರಗಿ ಕಡೆಯ ಕಾರ್ಯಕರ್ತೆ ತನ್ನ ಮಾತಿನಲ್ಲೇ ಬರೆದ ವರದಿಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ, ಏಟು ತಿಂದವಳು ಆಡಿದ ಮಾತೂ ಅದರ ಜೊತೆ ಅಳಿಸಿಹೋಗುತ್ತದೆ. ಕೆಂಪು ಶಾಯಿಯ ಪೆನ್ನು ಹಿಡಿದ ಉಪನ್ಯಾಸಕಿಯರಿಗೆ ಈ ಚಟ ಜಾಸ್ತಿ ಎಂಬುದು ನಿಮಗೆಲ್ಲ ಗೊತ್ತು.

ಇನ್ನೊಂದು ದೋಷ ಕಾಲದ್ದು. 2017ರ ಜುಲೈ 27ರಂದು ಸರ್ವೋಚ್ಚ ನ್ಯಾಯಾಲಯ ರಾಜೇಶ್ ಶರ್ಮಾ ಪ್ರಕರಣದಲ್ಲಿ, 498ಎ ದೂರುಗಳನ್ನು ಮೊದಲು ಜಿಲ್ಲೆಯ ಕುಟುಂಬ ಕಲ್ಯಾಣ ಸಮಿತಿಗೆ ಕಳಿಸಬೇಕು, ಅದರ ವರದಿ ಬರುವವರೆಗೆ ಸಾಮಾನ್ಯವಾಗಿ ಬಂಧಿಸಬಾರದು ಎಂದಿತು. 2018ರ ಸೆಪ್ಟೆಂಬರ್ 14ರಂದು ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳನ್ನು ತೆಗೆದುಹಾಕಿತು. 2025ರ ಜುಲೈಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಎರಡು ತಿಂಗಳು ಕಾಯಬೇಕು, ಕುಟುಂಬ ಕಲ್ಯಾಣ ಸಮಿತಿಗೆ ಕಳಿಸಬೇಕು ಎಂಬ ಅಲಹಾಬಾದ್ ಉಚ್ಚ ನ್ಯಾಯಾಲಯದ 2022ರ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿಗೆ ಕೊಟ್ಟಿತು. ನಾಳೆ ಬೆಳಿಗ್ಗೆ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ಠಾಣೆಗೆ ಹೋಗಬೇಕಾದ ಕಾರ್ಯಕರ್ತೆಗೆ ಇವತ್ತಿನ ಸ್ಥಿತಿ ಏನು ಎಂದು ಇವತ್ತೇ ತಿಳಿಯಬೇಕು. ಮೂರು ತಿಂಗಳ ನಂತರ ಬರುವ ಸುಂದರ ಲೇಖನದಿಂದ ಅವಳಿಗೆ ಆ ದಿನ ಉಪಯೋಗವಿಲ್ಲ.

ಇ-ಮೇಲ್ ಬಳಗದ ಶಕ್ತಿ ಇರುವುದು ಇಲ್ಲೇ. ಇದಕ್ಕೂ ಒಂದು ಚರಿತ್ರೆಯಿದೆ, ಅದರಲ್ಲಿ ಹೆಂಗಸರ ಪಾಲು ದೊಡ್ಡದಿದೆ. 1987ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅನಿತಾ ಬೋರ್ಗ್, ಗಂಡಸರೇ ತುಂಬಿದ್ದ ವೃತ್ತಿ ಸಮ್ಮೇಳನವೊಂದರಲ್ಲಿ ಬೆರಳೆಣಿಕೆಯಷ್ಟು ಹೆಂಗಸರಿದ್ದುದನ್ನು ಕಂಡು ‘ಸಿಸ್ಟರ್ಸ್’ ಎಂಬ ಬಳಗ ಕಟ್ಟಿದರು. ಸಿಸ್ಟಂ ಮತ್ತು ಸಿಸ್ಟರ್ ಎರಡನ್ನೂ ಸೇರಿಸಿ ಮಾಡಿದ ಹೆಸರು ಅದು. ತಮ್ಮ ಕಚೇರಿಯಲ್ಲಿ ತಾನೊಬ್ಬಳೇ ಹೆಂಗಸು ಎಂಬ ಸ್ಥಿತಿಯಲ್ಲಿದ್ದವರಿಗೆ, ಕೇಳಲು ಸಂಕೋಚವಾಗುವ ಪ್ರಶ್ನೆಯನ್ನು ಕೇಳುವ ಜಾಗವೊಂದು ಸಿಕ್ಕಿತು. ತಾಲ್ಲೂಕು ಕೇಂದ್ರದಲ್ಲಿ ಒಬ್ಬಳೇ ಕುಳಿತು ಸಮಾಲೋಚನೆ ನಡೆಸುವ ನಮ್ಮ ಹುಡುಗಿಯರ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಆದರೆ ಆ ಬಳಗದ ನಿಯಮಗಳು ಬಿಗಿಯಾಗಿದ್ದವು ಎಂಬುದನ್ನು ಗಮನಿಸಬೇಕು. ಅಲ್ಲಿಗೆ ಹೆಂಗಸರಿಗೆ ಮಾತ್ರ ಪ್ರವೇಶವಿತ್ತು. ಅಲ್ಲಿ ಬರೆದದ್ದನ್ನು ಬರೆದವರ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯುವಂತಿರಲಿಲ್ಲ.

1991ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಜೋನ್ ಕೊರೆನ್‌ಮನ್ ಮಹಿಳಾ ಅಧ್ಯಯನದ ಅಧ್ಯಾಪಕಿಯರಿಗಾಗಿ ಇನ್ನೊಂದು ಬಳಗ ಆರಂಭಿಸಿದರು. ಮಹಿಳಾ ಅಧ್ಯಯನದ ಬೋಧನೆ, ಸಂಶೋಧನೆ, ವಿಭಾಗ ನಡೆಸುವ ಕೆಲಸ, ಇಷ್ಟಕ್ಕೇ ಅದು ಮೀಸಲು. ಸಮಾಜದಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ ಸಾಮಾನ್ಯ ವಾದವಿವಾದಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ ಎಂಬ ನಿಯಮವಿತ್ತು. ಸ್ತ್ರೀವಾದಿಗಳ ಬಳಗದಲ್ಲಿ ಇದೆಂಥ ನಿಯಮ ಎಂದು ನಿಮಗೆ ಅನ್ನಿಸಬಹುದು. ಆದರೆ ಕೆಲಸದ ಪ್ರಶ್ನೆ ಕೇಳಲು ಬಂದವಳು ದಿನಕ್ಕೆ ನೂರು ವಾದಗಳನ್ನು ದಾಟಿ ಹೋಗಬೇಕಾದರೆ ಅವಳು ಬಳಗ ಬಿಟ್ಟು ಹೋಗುತ್ತಾಳೆ. ಕೊರೆನ್‌ಮನ್ ಮಾಡಿದ ಇನ್ನೊಂದು ಕೆಲಸ ನಮಗೆ ಬಹಳ ಮುಖ್ಯ. ಉಪಯುಕ್ತವಾದ ಚರ್ಚೆಗಳನ್ನು ಆರಿಸಿ, ವಿಷಯವಾರು ಜೋಡಿಸಿ, ಮುಂದೆ ಬರುವವರು ಓದಲೆಂದು ಕಡತಗಳಾಗಿ ಇಟ್ಟರು. ಎಂದರೆ ಬಳಗ ನಡೆಸಿದವರೇ ಸಂಪಾದಕಿಯೂ ಆದರು.

ಎರಡರ ನಡುವಿನ ದಾರಿಯೂ ಒಂದಿದೆ. ಕಂಪ್ಯೂಟರುಗಳಿಂದ ಜನರಿಗೆ ಆಗಬಹುದಾದ ಅಪಾಯಗಳ ಬಗ್ಗೆ 1985ರಲ್ಲಿ ‘ರಿಸ್ಕ್ಸ್’ ಎಂಬ ಸಂಚಿಕೆ ಆರಂಭವಾಯಿತು. ಓದುಗರೆಲ್ಲ ಬರೆಯಬಹುದು. ಆದರೆ ಪತ್ರಗಳು ಮೊದಲು ಪೀಟರ್ ನ್ಯೂಮನ್ ಎಂಬ ಸಂಪಾದಕರ ಬಳಿಗೆ ಹೋಗುತ್ತವೆ. ಅವರು ಆರಿಸಿ, ಒಟ್ಟುಗೂಡಿಸಿ ಒಂದು ಕಂತಿನಲ್ಲಿ ಕಳಿಸುವ ಪದ್ಧತಿ ಅದು. ಓದುಗರ ಪತ್ರಗಳಿಂದಲೇ ತುಂಬಿದ ಪತ್ರಿಕೆ ಎನ್ನಬಹುದು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಇ-ಮೇಲ್ ಇದ್ದುದು ನಗರದವರಿಗೆ, ಇಂಗ್ಲಿಷ್ ಬಲ್ಲವರಿಗೆ. ಕನ್ನಡ ಲಿಪಿಯನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದರೆ ಅರ್ಧ ಅಕ್ಷರ ಚೌಕವಾಗಿ ಕಾಣುತ್ತಿತ್ತು. ಇಂದು ಅಂಗೈಯ ಫೋನಿನಲ್ಲೇ ಕನ್ನಡ ಬರೆಯಬಹುದು. ಹಾಗಾಗಿ ಬಳಗ ನಮಗೂ ಸಾಧ್ಯ. ಸಾಧ್ಯವಾದ ಮೇಲೆ ಅದರ ಅಪಾಯಗಳನ್ನೂ ನೇರವಾಗಿ ನೋಡಬೇಕು.

ಮೊದಲನೆಯದು, ಬೇಗ ಬಂದ ಉತ್ತರವೇ ಸರಿಯಾದ ಉತ್ತರ ಎಂಬ ಭ್ರಮೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 498ಎ ಇದ್ದುದು 85 ಮತ್ತು 86ನೆಯ ಕಲಮುಗಳಾಯಿತು. ವರದಕ್ಷಿಣೆ ಸಾವಿನ 304ಬಿ ಕಲಮು 80 ಆಯಿತು. ಆದರೆ ಜುಲೈ 1ಕ್ಕಿಂತ ಹಿಂದೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯ ಕಲಮುಗಳೇ ಅನ್ವಯಿಸುತ್ತವೆ. ಈಗ ಯೋಚಿಸಿ. ‘498ಎ ರದ್ದಾಯಿತು’ ಎಂದು ಬಳಗದಲ್ಲಿ ಯಾರೋ ಒಂದು ಸಾಲು ಬರೆದರೆ ಸಾಕು. ಅದನ್ನು ಓದಿದ ಕಾರ್ಯಕರ್ತೆ, 2023ರಲ್ಲಿ ಹಿಂಸೆ ಅನುಭವಿಸಿದ ಹೆಂಗಸಿಗೆ ‘ನಿನ್ನ ಕೇಸು ನಿಲ್ಲುವುದಿಲ್ಲಮ್ಮ’ ಎಂದು ಹೇಳಿ ಕಳಿಸಿಬಿಡಬಹುದು. ಮರುದಿನ ವಕೀಲೆಯೊಬ್ಬರು ತಿದ್ದುಪಡಿ ಬರೆದರೂ ಆ ಹೆಂಗಸು ಆಗಲೇ ಗಂಡನ ಮನೆಗೆ ವಾಪಸು ಹೋಗಿರುತ್ತಾಳೆ. ಅದೇ ಜುಲೈಯಲ್ಲಿ ಹಳೆಯ ಕಲಮು, ಹೊಸ ಕಲಮು ಎರಡನ್ನೂ ಎದುರುಬದುರು ಅಚ್ಚು ಮಾಡಿ ಗೋಡೆಗೆ ಅಂಟಿಸುವಂಥ ಒಂದು ಹಾಳೆ ಇದ್ದಿದ್ದರೆ ಅದು ಅನೇಕ ದಿನಗಳ ಚರ್ಚೆಗಿಂತ ಹೆಚ್ಚಿನ ಕೆಲಸ ಮಾಡುತ್ತಿತ್ತು.

ಎರಡನೆಯದು ಗುಟ್ಟಿನ ಪ್ರಶ್ನೆ. ಇದೇ ನನಗೆ ಎಲ್ಲಕ್ಕಿಂತ ದೊಡ್ಡದು. ನಾವು ಬಳಗದಲ್ಲಿ ಪ್ರಕರಣ ಚರ್ಚಿಸುತ್ತೇವೆ. ಯಾರ ಪ್ರಕರಣವೋ ಅವಳು ಆ ಬಳಗದಲ್ಲಿ ಇರುವುದಿಲ್ಲ. ತನ್ನ ಬಗ್ಗೆ ಏನು ಬರೆದರು, ಎಷ್ಟು ಜನ ಓದಿದರು ಎಂದು ಅವಳಿಗೆ ಗೊತ್ತಾಗುವುದಿಲ್ಲ. ಹೆಸರು ಬರೆಯುವುದಿಲ್ಲವಲ್ಲ ಎಂದು ನೀವು ಹೇಳಬಹುದು. ‘ಪ್ರಾಥಮಿಕ ಶಾಲೆಯ ಶಿಕ್ಷಕಿ, ಮೂವರು ಹೆಣ್ಣುಮಕ್ಕಳು, ಗಂಡ ಬ್ಯಾಂಕಿನಲ್ಲಿ’ ಎಂದರೆ ಸಣ್ಣ ಊರಿನಲ್ಲಿ ಹೆಸರು ಬೇರೆ ಬೇಕೇ? ಆ ಊರಿನಲ್ಲಿ ಗಂಡನ ಪರ ವಾದಿಸುವ ವಕೀಲರ ಕಚೇರಿಯಲ್ಲೇ ನಮ್ಮ ಬಳಗದ ಕಿರಿಯ ವಕೀಲೆ ಕೆಲಸ ಮಾಡುತ್ತಿರಬಹುದು. ನಮ್ಮ ಸದಸ್ಯೆಯ ಫೋನು ಸಂಜೆ ಅವಳ ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದೂ ನಮಗೆ ತಿಳಿಯದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 16ನೆಯ ಕಲಮು, ಅಗತ್ಯವಿದ್ದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು ಅವಕಾಶ ಕೊಡುತ್ತದೆ. ನ್ಯಾಯಾಲಯವೇ ಬಾಗಿಲು ಮುಚ್ಚಬಹುದಾದ ವಿಷಯವನ್ನು ನಾವು ನೂರು ಜನರ ಮುಂದೆ ತೆರೆದಿಡುವುದು ಯಾವ ನ್ಯಾಯ?

ಇಂಥದ್ದು ನಡೆದರೆ ಹೊಣೆ ಯಾರದು ಎಂಬ ಪ್ರಶ್ನೆಗೂ ಬಳಗದಲ್ಲಿ ಸುಲಭದ ಉತ್ತರವಿಲ್ಲ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರು ಹಾಕಿದ ಸಂದೇಶಕ್ಕೆ ಅವರನ್ನು ಹೊಣೆ ಮಾಡುವಂತಿಲ್ಲ ಎಂದು ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಅಪರಾಧದ ಮಟ್ಟಿಗೆ ಅದು ಸರಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಜೈಲಿಗೆ ಹೋಗಬಾರದು. ಆದರೆ ಕಾನೂನು ಹೊರಿಸದ ಹೊಣೆಯನ್ನು ನಾವೇ ಹೊತ್ತುಕೊಳ್ಳದಿದ್ದರೆ ಅದು ಯಾರ ತಲೆಯ ಮೇಲೂ ಇರುವುದಿಲ್ಲ.

ಮೂರನೆಯದು ಮೌನದ್ದು. ಬಳಗದಲ್ಲಿ ಎಲ್ಲರಿಗೂ ಮಾತಾಡುವ ಹಕ್ಕಿದೆ, ಆದ್ದರಿಂದ ಅದು ಹೆಚ್ಚು ಪ್ರಜಾಸತ್ತಾತ್ಮಕ ಎಂದು ಹೇಳುತ್ತಾರೆ. ಸಭೆಗಳಲ್ಲಿ ಕುಳಿತವರಿಗೆಲ್ಲ ಗೊತ್ತು, ಹಕ್ಕಿದ್ದ ಮಾತ್ರಕ್ಕೆ ಬಾಯಿ ತೆರೆಯುವುದಿಲ್ಲ. ಐದಾರು ಮಂದಿ ಬರೆಯುತ್ತಾರೆ, ಉಳಿದವರು ಓದುತ್ತಾರೆ, ಕೊನೆಗೆ ಓದುವುದನ್ನೂ ಬಿಡುತ್ತಾರೆ. ಅಂಗನವಾಡಿಯ ಕೆಲಸ ಮುಗಿಸಿ ಸಂಘಟನೆಗೆ ಬರುವವಳು ವಕೀಲೆಯರ ವಾದದ ನಡುವೆ ಬಾಯಿ ಹಾಕುವುದಿಲ್ಲ. ಒಳ್ಳೆಯ ಸಂಪಾದಕಿ ಅವಳ ಮನೆಗೆ ಹೋಗಿ, ಕೂರಿಸಿ ಮಾತಾಡಿಸಿ ಬರೆದುಕೊಂಡು ಬರುತ್ತಾಳೆ. ತನ್ನಷ್ಟಕ್ಕೆ ನಡೆಯುವ ಬಳಗ ಹಾಗೆ ಮಾಡುವುದಿಲ್ಲ.

ನಾಲ್ಕನೆಯದು ನೆನಪಿನದ್ದು. ಯಾಹೂ ಕಂಪನಿ ನಡೆಸುತ್ತಿದ್ದ ‘ಯಾಹೂ ಗ್ರೂಪ್ಸ್’ನಲ್ಲಿ ಲೋಕದ ಅಸಂಖ್ಯ ಗುಂಪುಗಳು ವರ್ಷಗಟ್ಟಲೆ ಚರ್ಚೆ ನಡೆಸಿದ್ದವು. 2019ರಲ್ಲಿ ಅಲ್ಲಿನ ಹಳೆಯ ಬರಹಗಳನ್ನು ಅಳಿಸುವುದಾಗಿ ಕಂಪನಿ ಪ್ರಕಟಿಸಿತು. 2020ರ ಡಿಸೆಂಬರ್ 15ರಂದು ಇಡೀ ಸೇವೆಯನ್ನೇ ಮುಚ್ಚಿತು. ಚರಿತ್ರೆಯಲ್ಲಿ ಹೆಂಗಸರ ಮಾತು ಅಳಿಸಿಹೋಗಿದೆ ಎಂದು ದೂರುವ ನಾವು, ನಮ್ಮ ಮಾತನ್ನು ಯಾವುದೋ ಕಂಪನಿಯ ಕಪಾಟಿನಲ್ಲಿಟ್ಟು ಬೀಗದ ಕೈಯನ್ನೂ ಅವರಿಗೇ ಕೊಟ್ಟರೆ ನಾಳೆ ಯಾರನ್ನು ದೂರೋಣ?

ಹಾಗಾದರೆ ನನ್ನ ಸಲಹೆಯೇನು? ವಾರ್ತಾಪತ್ರವನ್ನು ಬಿಡಕೂಡದು. ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಅದಕ್ಕೆ. ಬಳಗವಿಲ್ಲದಿದ್ದರೆ ನಮಗೆ ತೊಂದರೆ. ಆದರೆ ಯಾರೂ ಪರಿಶೀಲಿಸದ ಮಾತಿನ ಬೆಲೆ ತೆರುವವರು ನಾವಲ್ಲ, ನಮ್ಮ ಬಳಿ ಬರುವ ಹೆಂಗಸರು. ಆದರೆ ಒಂದನ್ನೇ ಆರಿಸಬೇಕಾದ ಸ್ಥಿತಿ ನಿಜವಾಗಿ ಇಲ್ಲ. ಬಳಗಕ್ಕೆ ಹಣ ಬೇಡ, ದುಡಿಮೆ ಬೇಕು. ಆ ದುಡಿಮೆಯನ್ನು ಹಂಚಿಕೊಳ್ಳಲು ನಾವು ಸಿದ್ಧರಿದ್ದರೆ ಚಿಕ್ಕ ಬಳಗವೊಂದನ್ನು ವಾರ್ತಾಪತ್ರದ ಕೈಕೆಳಗೆ ನಡೆಸಬಹುದು. ಅದಕ್ಕೆ ಕೆಲವು ಕಟ್ಟಳೆಗಳನ್ನು ಸಭೆಯ ಮುಂದಿಡುತ್ತೇನೆ.

ಬಳಗಕ್ಕೆ ಸೇರುವವರನ್ನು ಇಬ್ಬರು ಸದಸ್ಯೆಯರು ಬಲ್ಲವರಾಗಿರಬೇಕು. ಬಳಗದಲ್ಲಿ ಪ್ರಶ್ನೆ ಇರಲಿ, ಪ್ರಕರಣ ಬೇಡ. ಒಂದು ಉದಾಹರಣೆ ಕೊಡುತ್ತೇನೆ. ‘ಸಂರಕ್ಷಣಾಧಿಕಾರಿ ರಜೆಯಲ್ಲಿದ್ದಾರೆ, ಘಟನಾ ವರದಿಯನ್ನು ಇನ್ನು ಯಾರು ದಾಖಲಿಸಬಹುದು?’ ಎಂದು ಕೇಳಿದರೆ ಸಾಕು. ನೋಂದಾಯಿತ ಸೇವಾ ಸಂಸ್ಥೆಯೂ ದಾಖಲಿಸಬಹುದು, ಹೆಂಗಸು ತಾನೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು, ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ನಿಗದಿ ಮಾಡಬೇಕೆಂದು ಕಾಯ್ದೆಯ 12ನೆಯ ಕಲಮು ಹೇಳುತ್ತದೆ ಎಂಬ ಉತ್ತರ ಬರುತ್ತದೆ. ಇದಕ್ಕೆ ಆ ಹೆಂಗಸಿನ ಊರು, ಜಾತಿ, ಮಕ್ಕಳ ಸಂಖ್ಯೆ ಯಾವುದೂ ಬೇಕಾಗಿಲ್ಲ. ಪ್ರಕರಣದ ವಿವರ ನಿಜವಾಗಿಯೂ ಬೇಕಾದರೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಲಿ.

ಕಾನೂನಿನ ಬಗ್ಗೆ ಬರೆಯುವವರು ಕಾಯ್ದೆಯ ಹೆಸರು, ಕಲಮು ಅಥವಾ ತೀರ್ಪಿನ ದಿನಾಂಕವನ್ನು ಕೊಡಲೇಬೇಕು. ಇಲ್ಲದಿದ್ದರೆ ಅದನ್ನು ಯಾರೂ ನಂಬಬಾರದು. ಉತ್ತರಗಳು ಪ್ರಶ್ನೆ ಕೇಳಿದವಳಿಗೆ ಮಾತ್ರ ಹೋಗಲಿ. ಅವಳು ಎಲ್ಲವನ್ನೂ ಒಟ್ಟುಗೂಡಿಸಿ ಬಳಗಕ್ಕೆ ಒಂದೇ ಪತ್ರ ಬರೆಯಲಿ. ಇದರಿಂದ ಪತ್ರಗಳ ರಾಶಿ ತಗ್ಗುತ್ತದೆ, ಬರೆಯಲು ಅಂಜುವವರಿಗೂ ಒಂದು ಸಾಲು ಬರೆಯುವ ಧೈರ್ಯ ಬರುತ್ತದೆ. ತಿಂಗಳಿಗೊಬ್ಬರಂತೆ ಬಳಗ ನೋಡಿಕೊಳ್ಳುವವರು ಇರಲಿ, ಅವರ ಹೆಸರು ಎಲ್ಲರಿಗೂ ತಿಳಿದಿರಲಿ. ಕಟ್ಟಳೆ ಮೀರಿದ ಪತ್ರವನ್ನು ತೆಗೆಯುವ ಅಧಿಕಾರ ಅವರಿಗಿರಲಿ, ಏಕೆ ತೆಗೆದರೆಂದು ಹೇಳುವ ಬಾಧ್ಯತೆಯೂ ಇರಲಿ.

ಮೂರು ತಿಂಗಳಿಗೊಮ್ಮೆ ಇಬ್ಬರು ಸಂಪಾದಕಿಯರು, ಅವರಲ್ಲಿ ಒಬ್ಬರು ಕಡ್ಡಾಯವಾಗಿ ತಾಲ್ಲೂಕಿನವರು, ಬಳಗದ ಪ್ರಶ್ನೋತ್ತರಗಳನ್ನು ಆರಿಸಿ, ಪರಿಶೀಲಿಸಿ ವಾರ್ತಾಪತ್ರಕ್ಕೆ ಹಾಕಲಿ. ತಿದ್ದಿದ ಬರಹವನ್ನು ಅಚ್ಚಿಗೆ ಹೋಗುವ ಮೊದಲು ಬರೆದವಳಿಗೆ ತೋರಿಸಲಿ. ಹೆಂಗಸೊಬ್ಬಳ ಕತೆಯಿದ್ದರೆ ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆಯಲಿ. ಫೋನಿಲ್ಲದವರಿಗೆ, ಓದು ಬಾರದವರಿಗೆ ಗುಂಪಿನಲ್ಲಿ ಓದಿ ಹೇಳಲು ಆಗುವಂತೆ ಅದು ಕಾಗದದ ಮೇಲೂ ಬರಲಿ. ಪ್ರತಿ ಸಂಚಿಕೆಯ ಎರಡು ಪ್ರತಿಗಳು ಯಾವುದಾದರೂ ಗ್ರಂಥಾಲಯಕ್ಕೆ ತಪ್ಪದೆ ಸೇರಲಿ.

ಇದೆಲ್ಲ ಹೆಚ್ಚಿನ ಕೆಲಸ, ನಿಜ. ಸಂಪಾದಕಿ ಬೇಡ ಎಂದ ಮಾತ್ರಕ್ಕೆ ಸಂಪಾದನೆಯ ಕೆಲಸ ಮಾಯವಾಗುವುದಿಲ್ಲ. ಆಗ ಅದು ಓದುವ ಪ್ರತಿಯೊಬ್ಬಳ ಮೇಲೂ ಬೀಳುತ್ತದೆ. ದಿನದ ಕೊನೆಗೆ ನಲವತ್ತು ಪತ್ರಗಳಲ್ಲಿ ಯಾವುದು ಸರಿ, ಯಾವುದು ಸುಳ್ಳು ಎಂದು ಅವಳೊಬ್ಬಳೇ ಕುಳಿತು ಆರಿಸಬೇಕಾಗುತ್ತದೆ. ಆ ಭಾರವನ್ನು ಸರದಿಯಲ್ಲಿ ಹಂಚಿಕೊಳ್ಳುವುದನ್ನೇ ಸಂಘಟನೆ ಎನ್ನುತ್ತೇವೆ.

ಊಟದ ನಂತರ ಈ ಕಟ್ಟಳೆಗಳನ್ನು ಒಂದೊಂದಾಗಿ ಚರ್ಚೆಗೆ ತೆಗೆದುಕೊಳ್ಳೋಣ. ಒಪ್ಪದವರು ಎದ್ದು ನಿಂತು ಹೇಳಿ. ಮೊದಲ ಮೂರು ತಿಂಗಳು ಬಳಗ ನೋಡಿಕೊಳ್ಳಲು ಮೂವರು ಬೇಕು, ವಾರ್ತಾಪತ್ರಕ್ಕೆ ತಾಲ್ಲೂಕಿನ ಸಂಪಾದಕಿ ಒಬ್ಬರು ಬೇಕು. ಹೆಸರು ಬರೆಯಲು ಹಾಳೆಯೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ.